ಹೊಳೆಚುಳ್ಳಿ: ಗಜನಿ ಕಟ್ಟೆಯ ಬುಡದ ಮುಳ್ಳುಗಿಡದ ಸಸ್ಯಲಕ್ಷಣ ಹಾಗೂ ಔಷಧೀಯ ಗುಣಗಳು

(ಕರಾವಳಿ ಗ್ರಾಮ ಪಂಚಾಯತಿಗಳ ಜೀವವೈವಿಧ್ಯ ನಿರ್ವಹಣಾ ಸಮಿತಿಗಳ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಕರಾವಳಿಯಲ್ಲಿ ಏಪ್ರಿಲ್, ಮೇ ತಿಂಗಳುಗಳು ಗಜನಿ ಕಟ್ಟೆಗಳ ದುರಸ್ತಿಯ ಕಾಲ. ಮಳೆ ಹಿಡಿಯುವ ಮೊದಲು ಕಟ್ಟೆಯ ಬಿರುಕುಗಳನ್ನು ಮುಚ್ಚಬೇಕು, ತೂಬಿನ ಹಲಗೆಗಳನ್ನು ಬದಲಿಸಬೇಕು, ಒಳಗಾಲುವೆಗಳ ಹೂಳನ್ನು ಎತ್ತಬೇಕು. ಇಂತಹ ಕಾಮಗಾರಿಗಳ ಅಂದಾಜು ಪಟ್ಟಿಯಲ್ಲಿ ಸಾಮಾನ್ಯವಾಗಿ ಮೊಟ್ಟಮೊದಲ ಬಾಬು ‘ಜಂಗಲ್ ತೆರವು’ ಎಂದಿರುತ್ತದೆ. ಚದರ ಮೀಟರಿಗೆ ಇಂತಿಷ್ಟು ಎಂದು ದರ ನಮೂದಾಗುತ್ತದೆ. ತೆರವಾಗುವ ಗಿಡ ಯಾವುದೆಂದು ಆ ಪಟ್ಟಿಯಲ್ಲಿ ಬರೆಯುವ ರೂಢಿಯಿಲ್ಲ, ಬರೆಯಲು ಅಲ್ಲಿ ಸ್ಥಳವೂ ಇಲ್ಲ. ಹೊಳೆಯ ಕಡೆಗಿನ ಕಟ್ಟೆಯ ಪಾದದಲ್ಲಿ, ಕೆಸರಿಗೂ ಕಲ್ಲಿಗೂ ನಡುವೆ ಸೊಂಟದೆತ್ತರಕ್ಕೆ ಬೆಳೆದು ನಿಂತಿರುವ, ಮೈಯೆಲ್ಲ ಮುಳ್ಳಾದ, ತುದಿಯಲ್ಲಿ ನೀಲಿ ಹೂವಿನ ತೆನೆ ಹೊತ್ತ ಆ ಗಿಡವು ಯಂತ್ರದ ಹಲ್ಲಿಗೆ ಸಿಕ್ಕಿ ಬೇರು ಸಹಿತ ಮೇಲೆ ಬರುವುದು ಬಹುಮಟ್ಟಿಗೆ ಅದು ಹೂಬಿಡುವ ಕಾಲದಲ್ಲಿಯೇ. ಈ ಉಪನ್ಯಾಸದ ವಿಷಯ ಆ ಗಿಡ. ಅದರ ಹೆಸರು ಹೊಳೆಚುಳ್ಳಿ.

ಕೀಳುವ ಮೊದಲು ಕೀಳುವುದೇನೆಂಬುದನ್ನು ತಿಳಿಯಬೇಕು. ಅದರಷ್ಟೇ ಅಗತ್ಯವಾದ ಇನ್ನೊಂದು ಮಾತು, ಕುಡಿಯುವ ಮೊದಲು ಕುಡಿಯುವುದೇನೆಂಬುದನ್ನೂ ತಿಳಿಯಬೇಕು. ಈ ಗಿಡಕ್ಕೆ ಒದಗಿರುವ ಅಪಾಯ ಎರಡು ಬಗೆಯದು. ಒಂದು, ಕಳೆಯೆಂದು ಎಣಿಸಿ ನಿರ್ಮೂಲ ಮಾಡುವವರಿಂದ. ಇನ್ನೊಂದು, ಸರ್ವರೋಗಕ್ಕೂ ಮದ್ದೆಂದು ಹೊಗಳಿ ಚೀಲದಲ್ಲಿ ತುಂಬಿಕೊಂಡು ಹೋಗುವವರಿಂದ. ಮೊದಲನೆಯದು ಈಗಾಗಲೇ ನಡೆದಿದೆ. ಎರಡನೆಯದು ಇತ್ತೀಚೆಗೆ ಮೊಬೈಲ್ ಸಂದೇಶಗಳ ಮೂಲಕ ಮನೆಬಾಗಿಲಿಗೆ ಬರುತ್ತಿದೆ.

ಸಸ್ಯಶಾಸ್ತ್ರದಲ್ಲಿ ಹೊಳೆಚುಳ್ಳಿಗೆ ಅಕ್ಯಾಂಥಸ್ ಇಲಿಸಿಫೋಲಿಯಸ್ ಎಂದು ಹೆಸರು. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಈ ಹೆಸರನ್ನು ಕೊಟ್ಟನು. ‘ಅಕ್ಯಾಂಥಸ್’ ಎಂಬುದು ಗ್ರೀಕ್ ಭಾಷೆಯಲ್ಲಿ ಮುಳ್ಳು ಎಂಬರ್ಥದ ಪದದಿಂದ ಬಂದದ್ದು. ‘ಇಲಿಸಿಫೋಲಿಯಸ್’ ಎಂದರೆ ಯುರೋಪಿನ ಹಾಲಿ ಗಿಡದ ಎಲೆಯಂತಹ ಎಲೆಯುಳ್ಳದ್ದು ಎಂದರ್ಥ. ಆದರೆ ಈ ಗಿಡ ಪುಸ್ತಕವನ್ನು ಸೇರಿದ್ದು ಲಿನೇಯಸ್‌ಗಿಂತ ಮುಂಚೆ, ಪಶ್ಚಿಮ ಕರಾವಳಿಯಿಂದಲೇ. ಹದಿನೇಳನೆಯ ಶತಮಾನದಲ್ಲಿ ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್, ಇಟ್ಟಿ ಅಚ್ಯುತನೆಂಬ ವೈದ್ಯನೇ ಮೊದಲಾದ ಸ್ಥಳೀಯ ಪಂಡಿತರ ನೆರವಿನಿಂದ ಸಿದ್ಧಪಡಿಸಿ, 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಹನ್ನೆರಡು ಸಂಪುಟಗಳಲ್ಲಿ ಅಚ್ಚು ಹಾಕಿಸಿದ ‘ಹೊರ್ಟಸ್ ಮಲಬಾರಿಕಸ್’ ಗ್ರಂಥದಲ್ಲಿ ಇದು ‘ಪೈನಾಚುಳ್ಳಿ’ ಎಂಬ ಮಲಯಾಳಂ ಹೆಸರಿನಿಂದ ಚಿತ್ರ ಸಹಿತ ದಾಖಲಾಗಿದೆ. ಮರಾಠಿಯಲ್ಲಿ ಇದನ್ನು ಮಾರಾಂಡಿ ಎನ್ನುವರು. ತಮಿಳಿನ ಹೆಸರು ಕಳುದೈಮುಳ್ಳಿ, ಅಂದರೆ ಕತ್ತೆಮುಳ್ಳು. ಹೆಸರಿಟ್ಟವರಿಗೆ ಇದರ ಮೇಲೆ ಅಷ್ಟೇನೂ ಪ್ರೀತಿ ಇದ್ದಂತಿಲ್ಲ.

ಹೆಸರಿನ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕಾಗಿದೆ. ‘ಚುಳ್ಳಿ’ ಎಂಬ ಪದ ಒಂದೇ ಗಿಡಕ್ಕೆ ಮೀಸಲಲ್ಲ. ಮಲಯಾಳದಲ್ಲಿ ವಯಲ್‌ಚುಳ್ಳಿ ಎಂದು ಕರೆಯಲ್ಪಡುವುದು ಗದ್ದೆಬದಿಯ ಸಿಹಿನೀರಿನ ಜೌಗಿನಲ್ಲಿ ಬೆಳೆಯುವ ಬೇರೊಂದು ಮುಳ್ಳುಗಿಡ. ಆಯುರ್ವೇದದಲ್ಲಿ ಅದಕ್ಕೆ ಕೋಕಿಲಾಕ್ಷ ಎಂದು ಹೆಸರು. ಅದೂ ಇದೇ ಕುಟುಂಬಕ್ಕೆ ಸೇರಿದ್ದು, ಅದಕ್ಕೂ ಮುಳ್ಳಿದೆ, ಅದರ ಹೂವೂ ನೇರಳೆ ಛಾಯೆಯದು. ಆದರೆ ಅದರ ಗುಣವೇ ಬೇರೆ, ಬಳಕೆಯೇ ಬೇರೆ. ಒಂದರ ಗುಣವನ್ನು ಓದಿ ಇನ್ನೊಂದನ್ನು ಕಿತ್ತು ತರುವ ಪ್ರಮಾದ ಆಗದಿರಲು ಸುಲಭದ ಗುರುತು ನೀರು. ಉಪ್ಪುನೀರಿನ ಉಬ್ಬರ ಇಳಿತ ತಲುಪುವ ಕೆಸರಿನಲ್ಲಿ ಇರುವುದು ಹೊಳೆಚುಳ್ಳಿ, ಸಿಹಿನೀರಿನ ಗದ್ದೆಯಂಚಿನಲ್ಲಿ ಇರುವುದು ಕೋಕಿಲಾಕ್ಷ.

ಇದರ ಕುಟುಂಬವು ಜನರಿಗೆ ಅಪರಿಚಿತವಾದುದಲ್ಲ. ಕೆಮ್ಮಿಗೆ ಕಷಾಯ ಮಾಡುವ ಆಡುಸೋಗೆ, ಕಹಿಗೆ ಹೆಸರಾದ ನೆಲಬೇವು, ಮುಡಿಗೇರುವ ಕನಕಾಂಬರ, ಬೇಲಿಯ ಗೋರಂಟೆ ಇವೆಲ್ಲವೂ ಅಕ್ಯಾಂಥೇಸಿ ಎಂಬ ಇದೇ ಸಸ್ಯಕುಟುಂಬದವು. ಗ್ರೀಕ್ ಮತ್ತು ರೋಮನ್ ವಾಸ್ತುಶಿಲ್ಪದಲ್ಲಿ ಕೊರಿಂಥಿಯನ್ ಎಂಬ ಬಗೆಯ ಕಂಬಗಳ ತಲೆಯಲ್ಲಿ ಕೆತ್ತಿರುವ ಸುರುಳಿ ಎಲೆಗಳೂ ಮೆಡಿಟರೇನಿಯನ್ ತೀರದ ಅಕ್ಯಾಂಥಸ್ ಗಿಡದವೇ. ಸಿವಿಲ್ ಎಂಜಿನಿಯರಿಂಗ್ ಓದಿದವರು ಆ ಕಂಬದ ಚಿತ್ರವನ್ನು ಪರೀಕ್ಷೆಗಾಗಿ ಬರೆದಿರುತ್ತಾರೆ. ಅದರ ಸೋದರ ಗಿಡವನ್ನು ಮಾತ್ರ ಕಟ್ಟೆಯ ಬುಡದಿಂದ ಕೀಳಿಸುತ್ತಾರೆ.

ಇನ್ನು ಗಿಡದ ಲಕ್ಷಣಗಳು. ಹೊಳೆಚುಳ್ಳಿಯು ಸುಮಾರು ಒಂದರಿಂದ ಒಂದೂವರೆ ಮೀಟರ್ ಎತ್ತರಕ್ಕೆ ಬೆಳೆಯುವ, ಅನುಕೂಲ ಸ್ಥಳಗಳಲ್ಲಿ ಇನ್ನೂ ತುಸು ಎತ್ತರವಾಗುವ ಪೊದೆ. ಕಾಂಡವು ಹಸಿರಾಗಿದ್ದು ಗೆಣ್ಣುಗಳಲ್ಲಿ ಮುಳ್ಳುಗಳಿರುತ್ತವೆ. ಎಲೆಗಳು ಗೆಣ್ಣಿನ ಎರಡು ಬದಿಗಳಲ್ಲಿ ಎದುರುಬದುರಾಗಿ ಜೋಡಿಸಿಕೊಂಡಿದ್ದು, ದಪ್ಪ ತೊಗಲಿನಂತೆ ಬಿರುಸಾಗಿ, ಹೊಳಪಾಗಿ, ಅಂಚಿನಲ್ಲಿ ಅಲೆಯಲೆಯಾಗಿ ಹಲ್ಲುಗಳನ್ನು ಹೊಂದಿ, ಪ್ರತಿ ಹಲ್ಲಿನ ತುದಿಯಲ್ಲಿ ಚೂಪಾದ ಮುಳ್ಳನ್ನು ಧರಿಸಿರುತ್ತವೆ. ಆದರೆ ಮುಳ್ಳನ್ನು ಮಾತ್ರವೇ ಗುರುತಾಗಿ ನೆಚ್ಚಬಾರದು. ದಟ್ಟ ಕಾಂಡ್ಲಕಾಡಿನ ನೆರಳಿನಲ್ಲಿ ಬೆಳೆದ ಗಿಡದ ಎಲೆಗಳಲ್ಲಿ ಮುಳ್ಳು ವಿರಳವಾಗಿರುತ್ತದೆ, ಕೆಲವೊಮ್ಮೆ ಎಲೆಯಂಚು ಪೂರ್ತಿ ನಯವಾಗಿಯೂ ಇರುತ್ತದೆ. ಕಾಂಡದ ಕೆಳಭಾಗ ಕೆಸರಿಗೆ ಒರಗಿದಲ್ಲೆಲ್ಲ ಹೊಸ ಬೇರು ಬಿಡುತ್ತದೆ. ಹಳೆಯ ಗಿಡಗಳ ಬುಡದಿಂದ ಕಿರಿದಾದ ಊರುಗೋಲು ಬೇರುಗಳು ಇಳಿದು ಗಿಡವನ್ನು ಮೆತ್ತನೆಯ ಕೆಸರಿನಲ್ಲಿ ಎತ್ತಿ ನಿಲ್ಲಿಸುತ್ತವೆ.

ಪಶ್ಚಿಮ ಕರಾವಳಿಯ ಅಳಿವೆಗಳಲ್ಲಿ ಬದುಕುವುದು ಯಾವ ಸಸ್ಯಕ್ಕೂ ಸುಲಭವಲ್ಲ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಬೇಸಗೆಯ ಕೊನೆಯಲ್ಲಿ ಅಳಿವೆಯ ಬಾಯಿಯ ನೀರು ಬಹುತೇಕ ಇದೇ ಮಟ್ಟ ಮುಟ್ಟುತ್ತದೆ. ಜೂನ್ ಕಳೆಯುವುದರೊಳಗೆ ಘಟ್ಟದ ಮಳೆನೀರು ಇಳಿದು ಅದೇ ಸ್ಥಳ ಬಹುತೇಕ ಸಿಹಿಯಾಗುತ್ತದೆ. ಅಂದರೆ ಒಂದೇ ಬೇರು ಒಂದೇ ವರ್ಷದಲ್ಲಿ ಸಮುದ್ರವನ್ನೂ ನದಿಯನ್ನೂ ಕಾಣಬೇಕು. ಅಣೆಕಟ್ಟಿನ ತಡೆಯಿಲ್ಲದೆ ಹರಿಯುವ ಅಘನಾಶಿನಿಯಲ್ಲಿ ಈ ಋತುಚಕ್ರ ಇಂದಿಗೂ ಸ್ಪಷ್ಟವಾಗಿ ಕಾಣುತ್ತದೆ. ಶರಾವತಿಯಲ್ಲಿ ಜಲವಿದ್ಯುತ್ ಕೇಂದ್ರಗಳಿಂದ ವರ್ಷವಿಡೀ ಸಿಹಿನೀರು ಹೊರಬೀಳುವುದರಿಂದ ಅಳಿವೆಯ ಉಪ್ಪಿನ ಪ್ರಮಾಣ ತಗ್ಗಿ, ಅಲ್ಲಿನ ಮೀನು ಮತ್ತು ಸಸ್ಯಗಳ ಸ್ವರೂಪವೇ ಬದಲಾಗಿದೆ. ಹೊಳೆಚುಳ್ಳಿ ಈ ಎರಡೂ ಬಗೆಯ ಹೊಳೆಗಳಲ್ಲಿ ಬಾಳುವ ಗಿಡ.

ಇದು ಹೇಗೆ ಸಾಧ್ಯವೆಂದರೆ, ಗಿಡದಲ್ಲಿ ಉಪ್ಪನ್ನು ನಿರ್ವಹಿಸುವ ಎರಡು ಹಂತಗಳಿವೆ. ಬೇರಿನ ಒಳಪದರಗಳು ನೀರನ್ನು ಎಳೆದುಕೊಳ್ಳುವಾಗ ಲವಣದ ಬಹುಭಾಗವನ್ನು ಹೊರಗೇ ತಡೆಯುತ್ತವೆ. ಕುಡಿಯುವ ನೀರಿನ ಶುದ್ಧೀಕರಣ ಘಟಕದ ಪೊರೆ ಮಾಡುವ ಕೆಲಸವನ್ನು ಇದಕ್ಕೆ ಹೋಲಿಸಬಹುದು. ವ್ಯತ್ಯಾಸವೇನೆಂದರೆ ಘಟಕಕ್ಕೆ ವಿದ್ಯುತ್ ಪಂಪು ಬೇಕು, ಗಿಡಕ್ಕೆ ಎಲೆಯಿಂದ ಆವಿಯಾಗುವ ನೀರಿನ ಸೆಳೆತವೇ ಪಂಪು. ತಡೆಯನ್ನು ದಾಟಿ ಒಳನುಸುಳಿದ ಉಪ್ಪನ್ನು ಎಲೆಯ ಮೇಲಿರುವ ಸೂಕ್ಷ್ಮ ಲವಣಗ್ರಂಥಿಗಳು ಹೊರಕ್ಕೆ ಸ್ರವಿಸುತ್ತವೆ. ಬೇಸಗೆಯ ಮಧ್ಯಾಹ್ನ ಗಿಡದ ಬಳಿ ನಿಂತು ನೋಡಿದರೆ ಎಲೆಯ ಮೇಲೆ ಬಿಳಿಯ ಹರಳುಗಳು ಮಿನುಗುವುದು ಬರಿಗಣ್ಣಿಗೇ ಕಾಣುತ್ತದೆ. ಬೆರಳಿನಿಂದ ಒರೆಸಿ ನಾಲಿಗೆಗೆ ತಾಗಿಸಿದರೆ ಉಪ್ಪೆಂಬುದು ಸ್ಪಷ್ಟ. ಶಾಲಾ ಮಕ್ಕಳಿಗೆ ತೋರಿಸಲು ಇದಕ್ಕಿಂತ ಅಗ್ಗದ ಪ್ರಯೋಗವಿಲ್ಲ. ಔಷಧದ ವಿಚಾರಕ್ಕೆ ಬಂದಾಗ ಈ ಉಪ್ಪನ್ನು ಮತ್ತೊಮ್ಮೆ ನೆನೆಯಬೇಕಾಗುತ್ತದೆ.

ಹೂವು ಬೇಸಗೆಯಲ್ಲಿ ತುದಿಯ ತೆನೆಯಲ್ಲಿ ಅರಳುತ್ತದೆ. ಒಂದೊಂದು ಹೂವೂ ಸುಮಾರು ನಾಲ್ಕು ಸೆಂಟಿಮೀಟರ್ ಉದ್ದ, ತಿಳಿನೀಲಿಯಿಂದ ನೇರಳೆಯವರೆಗಿನ ಬಣ್ಣ. ಬಿಳಿಯ ಹೂವು ಅಪರೂಪಕ್ಕೆ ಉಂಟು. ಇದರ ರಚನೆ ವಿಚಿತ್ರವಾದುದು. ಇದೇ ಕುಟುಂಬದ ಆಡುಸೋಗೆಯ ಹೂವಿಗೆ ಮೇಲ್ದುಟಿ, ಕೆಳದುಟಿ ಎಂದು ಎರಡು ಭಾಗಗಳಿದ್ದರೆ, ಹೊಳೆಚುಳ್ಳಿಗೆ ಮೇಲ್ದುಟಿಯೇ ಇಲ್ಲ. ಅಗಲವಾದ ಒಂದೇ ಕೆಳದುಟಿ, ತುದಿಯಲ್ಲಿ ಮೂರು ಸೀಳುಗಳೊಡನೆ, ಬಂದವರಿಗೆ ಹಾಸಿದ ಚಾಪೆಯಂತೆ ಚಾಚಿಕೊಂಡಿರುತ್ತದೆ. ಅದರ ಮೇಲೆ ನಾಲ್ಕು ಕೇಸರಗಳು ದಪ್ಪವಾದ ಬಿರುಸು ತೊಟ್ಟುಗಳ ಮೇಲೆ ಒತ್ತಾಗಿ ನಿಂತು, ರೋಮಭರಿತ ಪರಾಗಕೋಶಗಳಿಂದ ಮಕರಂದದ ದಾರಿಗೆ ಬಾಗಿಲು ಹಾಕಿರುತ್ತವೆ. ಸಣ್ಣ ನೊಣ ಅಥವಾ ಇರುವೆಗೆ ಈ ಬಾಗಿಲನ್ನು ತಳ್ಳುವ ಬಲವಿರುವುದಿಲ್ಲ. ಒಣಮರ ಕೊರೆದು ಗೂಡು ಮಾಡುವ ದೊಡ್ಡ ಕಪ್ಪು ದುಂಬಿಯು ತನ್ನ ತೂಕದಿಂದ ಅದನ್ನು ತಳ್ಳಿ ಒಳಹೋಗುತ್ತದೆ, ಬೆನ್ನಿಗೆ ಪರಾಗ ಮೆತ್ತಿಕೊಂಡು ಮುಂದಿನ ಹೂವಿಗೆ ಸಾಗುತ್ತದೆ. ಸೂರಕ್ಕಿಗಳೂ ಮಕರಂದಕ್ಕೆ ಬರುತ್ತವೆ.

ಹೂವು ಉದುರಿದ ಮೇಲೆ ಎರಡೂವರೆ ಮೂರು ಸೆಂಟಿಮೀಟರ್ ಉದ್ದದ ಕಾಯಿ ಕಟ್ಟುತ್ತದೆ. ಒಳಗೆ ಸಾಮಾನ್ಯವಾಗಿ ನಾಲ್ಕು ಚಪ್ಪಟೆ ಬೀಜಗಳು. ಬಲಿತು ಒಣಗಿದ ಕಾಯಿ ಸದ್ದಿನೊಡನೆ ಸಿಡಿದು ಎರಡು ಹೋಳಾಗುತ್ತದೆ. ಪ್ರತಿ ಬೀಜದ ಅಡಿಯಲ್ಲಿ ಕೊಕ್ಕೆಯಂತಹ ಗಟ್ಟಿಯಾದ ಒಂದು ಆಧಾರವಿದ್ದು, ಕಾಯಿ ಸಿಡಿದಾಗ ಅದು ಕವಣೆಯಂತೆ ಬೀಜವನ್ನು ಎರಡು ಮೀಟರ್‌ವರೆಗೂ ಎಸೆಯುತ್ತದೆ. ಕನಕಾಂಬರದ ಒಣಗಾಯಿಯನ್ನು ಒದ್ದೆ ಮಾಡಿ ಚಟ್ಟೆಂದು ಸಿಡಿಸಿ ಆಡಿದವರಿಗೆ ಈ ಕುಟುಂಬದ ಕವಣೆ ಪರಿಚಿತವೇ ಆಗಿದೆ. ಕಾಂಡ್ಲಮರದ ಬೀಜ ತಾಯಿಮರದ ಮೇಲೆಯೇ ಮೊಳೆತು ಕೋಲಿನಂತೆ ಇಳಿಬೀಳುವ ಬಗೆ ಇದರಲ್ಲಿಲ್ಲ. ಹೊಳೆಚುಳ್ಳಿಯ ಬೀಜ ಸಿಡಿದು ನೀರಿಗೋ ಕೆಸರಿಗೋ ಬಿದ್ದ ಮೇಲೆಯೇ ಮೊಳೆಯುವುದು.

ಇನ್ನು ಬಹುಜನರ ಕುತೂಹಲದ ವಿಷಯವಾದ ಔಷಧೀಯ ಗುಣ. ಭಾರತದ ಕರಾವಳಿಯಿಂದ ಹಿಡಿದು ಥಾಯ್ಲೆಂಡ್, ಮಲೇಷಿಯಾ, ಚೀನಾದವರೆಗೆ ಈ ಗಿಡ ಬೆಳೆಯುವ ಕಡೆಯಲ್ಲೆಲ್ಲ ಜನರು ಇದನ್ನು ಮದ್ದಾಗಿ ಬಳಸಿದ್ದಾರೆ. ಗೋವೆಯಲ್ಲಿ ಲೋಳೆಯಂಶವುಳ್ಳ ಇದರ ಎಲೆಗಳನ್ನು ಬಿಸಿ ಮಾಡಿ ಸಂಧಿವಾತ ಮತ್ತು ನರನೋವಿಗೆ ಶಾಖ ಕೊಡುತ್ತಿದ್ದುದು ಹಳೆಯ ಔಷಧಿಸಸ್ಯ ಗ್ರಂಥಗಳಲ್ಲಿ ದಾಖಲಾಗಿದೆ. ಮಲಯ ಪ್ರಾಂತದಲ್ಲಿ ಬೀಜವನ್ನು ಕುದಿಸಿ ಕೆಮ್ಮಿಗೆ ಕೊಡುವರು. ಥಾಯ್ಲೆಂಡಿನಲ್ಲಿ ಚರ್ಮದ ತುರಿಕೆಗೆ, ಚೀನಾದ ದಕ್ಷಿಣ ತೀರದಲ್ಲಿ ಬೇರನ್ನು ಯಕೃತ್ತಿನ ಉರಿಯೂತಕ್ಕೆ ಬಳಸುವರು. ತಮಿಳುನಾಡಿನ ಸಿದ್ಧವೈದ್ಯದಲ್ಲಿಯೂ ಇದಕ್ಕೆ ಸ್ಥಾನವಿದೆ. ಪರಸ್ಪರ ದೂರವಿರುವ ಜನರು ಒಂದೇ ಗಿಡದತ್ತ ಕೈಚಾಚಿದ್ದಾರೆಂದರೆ ಅದರಲ್ಲಿ ಪರೀಕ್ಷಿಸತಕ್ಕ ಸಂಗತಿ ಏನೋ ಇದೆ ಎಂದು ಭಾವಿಸುವುದು ನ್ಯಾಯವಾಗಿದೆ. ಅದಕ್ಕಿಂತ ಹೆಚ್ಚಿನದನ್ನು ಅಷ್ಟರಿಂದಲೇ ಭಾವಿಸುವುದು ನ್ಯಾಯವಲ್ಲ.

ಪ್ರಯೋಗಾಲಯಗಳು ಪರೀಕ್ಷಿಸಿಯೂ ಇವೆ. ಗಿಡದಲ್ಲಿ ಬೆಂಜಾಕ್ಸಾಜೋಲಿನೋನ್ ಎಂಬ ಸಂಯುಕ್ತ, ಅಕ್ಯಾಂಥಿಸಿಫೋಲಿನ್ ಎಂಬ ಕ್ಷಾರಾಭ, ಫ್ಲೇವನಾಯ್ಡ್‌ಗಳು, ಸಪೋನಿನ್‌ಗಳು, ಸ್ಟಿಗ್ಮಾಸ್ಟೆರಾಲ್ ಮೊದಲಾದವು ಇರುವುದು ಕಂಡುಬಂದಿದೆ. ಕೇರಳದ ತೃಶ್ಶೂರಿನ ಅಮಲ ಕ್ಯಾನ್ಸರ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರಾಸಾಯನಿಕ ಕೊಟ್ಟು ಯಕೃತ್ತನ್ನು ಕೆಡಿಸಿದ ಇಲಿಗಳಿಗೆ ಎಲೆಯ ಸಾರ ರಕ್ಷಣೆ ನೀಡಿತೆಂದು ವರದಿಯಾಯಿತು. ಮರುವರ್ಷ ಅದೇ ಕೇಂದ್ರದಿಂದ ಗಡ್ಡೆ ಬೆಳೆದ ಇಲಿಗಳ ಮೇಲಿನ ಪರಿಣಾಮದ ವರದಿಯೂ ಬಂದಿತು. ಉರಿಯೂತ ಮತ್ತು ನೋವನ್ನು ತಗ್ಗಿಸುವ ಗುಣವನ್ನು ಬೇರೆ ಕಡೆಗಳಲ್ಲಿಯೂ ಪ್ರಾಣಿಗಳಲ್ಲಿ ಗಮನಿಸಲಾಗಿದೆ. ಗೋವೆಯ ಶಾಖದ ಪದ್ಧತಿಗೆ ಇದು ಒಂದು ಮಟ್ಟದ ಸಮರ್ಥನೆಯೆನ್ನಬಹುದು.

ಆದರೆ ಇಲಿಗೆ ಕೊಟ್ಟದ್ದು ದ್ರಾವಕದಲ್ಲಿ ತೆಗೆದು, ತೂಗಿ, ಅಳೆದ ಸಾರ. ಮನೆಯಲ್ಲಿ ಕುದಿಸುವುದು ಯಾವ ಕೆಸರಿನಲ್ಲಿ ಬೆಳೆದದ್ದೆಂದು ತಿಳಿಯದ ಒಂದು ಹಿಡಿ ಎಲೆ. ಇವೆರಡರ ನಡುವೆ ಬಹು ದೊಡ್ಡ ಅಂತರವಿದೆ. ಆಡುಸೋಗೆಯ ಉದಾಹರಣೆಯನ್ನೇ ನೋಡಬಹುದು. ಅದರ ಎಲೆಯಲ್ಲಿ ವ್ಯಾಸಿಸಿನ್ ಎಂಬ ಕ್ಷಾರಾಭವಿದೆ. ಆ ಅಣುವಿನ ಜಾಡು ಹಿಡಿದು ರಸಾಯನಶಾಸ್ತ್ರಜ್ಞರು ಬ್ರೋಮ್‌ಹೆಕ್ಸಿನ್ ಎಂಬ ಕಫಹಾರಿ ಔಷಧವನ್ನು ರೂಪಿಸಿದರು. ಇಂದು ಕೆಮ್ಮಿನ ಎಷ್ಟೋ ಸಿರಪ್ಪುಗಳಲ್ಲಿ ಇರುವುದು ಅದೇ. ಕಷಾಯದಿಂದ ಬಾಟಲಿಯವರೆಗಿನ ಆ ದಾರಿಯಲ್ಲಿ ಅಣುವನ್ನು ಬೇರ್ಪಡಿಸುವುದು, ಮಾರ್ಪಡಿಸುವುದು, ಪ್ರಮಾಣವನ್ನು ನಿಗದಿಪಡಿಸುವುದು, ಮನುಷ್ಯರ ಮೇಲೆ ಕ್ರಮಬದ್ಧವಾಗಿ ಪರೀಕ್ಷಿಸುವುದು ಇವೆಲ್ಲ ನಡೆದವು. ಹೊಳೆಚುಳ್ಳಿಯು ಆ ದಾರಿಯ ಮೊದಲ ಭಾಗದಲ್ಲಿಯೇ ಇದೆ. ಯಾವ ಕಾಯಿಲೆಗೆ, ಎಷ್ಟು ಪ್ರಮಾಣ, ಎಷ್ಟು ದಿನ ಎಂದು ಮನುಷ್ಯರ ವಿಷಯದಲ್ಲಿ ದೃಢಪಟ್ಟ ಪ್ರಮಾಣವಿಲ್ಲದ ಗಿಡವನ್ನು ಕ್ಯಾನ್ಸರಿಗೆ ಮದ್ದು, ಕಾಮಾಲೆಗೆ ಮದ್ದು ಎಂದು ಹಂಚುವುದು ಜನರ ಆರೋಗ್ಯದೊಡನೆ ಆಡುವ ಆಟವಾಗುತ್ತದೆ. ಚಿಕಿತ್ಸೆಯಿಂದ ಗುಣವಾಗಬಹುದಾದ ರೋಗಿ ಆಸ್ಪತ್ರೆಯನ್ನು ಬಿಟ್ಟು ಕಷಾಯ ಹಿಡಿದು ಕುಳಿತರೆ, ಹೋದ ತಿಂಗಳುಗಳನ್ನು ಯಾವ ಗಿಡವೂ ಹಿಂದಕ್ಕೆ ತರಲಾರದು.

ಹಾವಿನ ಕಡಿತದ ಬಗ್ಗೆ ಪ್ರತ್ಯೇಕವಾಗಿಯೇ ಹೇಳಬೇಕು. ಇದರ ಚಿಗುರನ್ನು ಅರೆದು ಹಾವು ಕಡಿದಲ್ಲಿ ಹಚ್ಚುವ ರೂಢಿ ಕೆಲವೆಡೆ ಇತ್ತೆಂದು ಹಳೆಯ ಬರಹಗಳಲ್ಲಿದೆ. ಅದನ್ನು ಓದಿ ಯಾರೂ ಅನುಸರಿಸಬಾರದು. ಹಾವು ಕಡಿತಕ್ಕೆ ಪ್ರತಿವಿಷದ ಚುಚ್ಚುಮದ್ದೇ ಚಿಕಿತ್ಸೆ. ಕಡಿತವಾದ ಕೂಡಲೇ ಅಂಗವನ್ನು ಅಲುಗಿಸದೆ ಆಸ್ಪತ್ರೆಗೆ ಸಾಗಿಸುವುದೊಂದೇ ಸರಿಯಾದ ಕ್ರಮ.

ಮೊದಲು ಹೇಳಿದ ಉಪ್ಪಿನ ವಿಚಾರ ಇಲ್ಲಿ ಮರಳಿ ಬರುತ್ತದೆ. ಎಲೆಯ ಒಳಗೂ ಹೊರಗೂ ಲವಣವಿರುವುದರಿಂದ ಇದರ ಕಷಾಯವೂ ಉಪ್ಪಾಗಿರುತ್ತದೆ. ರಕ್ತದೊತ್ತಡ, ಹೃದಯ ಮತ್ತು ಮೂತ್ರಪಿಂಡದ ತೊಂದರೆಗಳಿಗಾಗಿ ಉಪ್ಪು ತಗ್ಗಿಸುವಂತೆ ವೈದ್ಯರಿಂದ ಸೂಚನೆ ಪಡೆದವರು ಇದನ್ನು ಸೇವಿಸುವುದು ವಿವೇಕವಲ್ಲ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಹಾಗೂ ಮಕ್ಕಳ ವಿಷಯದಲ್ಲಿ ಸುರಕ್ಷತೆ ಸಿದ್ಧವಾಗದ ಕಾರಣ ಅವರಿಗೂ ಕೊಡಬಾರದು. ಅಳಿವೆಯ ಕೆಸರು ಊರಿನ ಚರಂಡಿ, ದೋಣಿಗಳ ಎಣ್ಣೆ, ಬಂದರಿನ ಲೋಹಾಂಶ ಎಲ್ಲವನ್ನೂ ತನ್ನಲ್ಲಿ ಹಿಡಿದಿಡುವ ಕೆಸರು. ಅದರಲ್ಲಿ ಬೇರೂರಿದ ಗಿಡ ಆ ಲೋಹಗಳನ್ನೂ ತಕ್ಕಮಟ್ಟಿಗೆ ಹೀರುತ್ತದೆ. ಹೊರಗಿನಿಂದ ಶಾಖ ಕೊಡುವ ಪದ್ಧತಿಗೆ ಇಷ್ಟೊಂದು ಆತಂಕವಿಲ್ಲ. ಅದನ್ನು ತಲೆಮಾರುಗಳಿಂದ ಬಲ್ಲವರು ಮುಂದುವರಿಸುವುದರಲ್ಲಿ ದೋಷವೆಣಿಸಬೇಕಿಲ್ಲ, ಗಾಯವಿರುವ ಚರ್ಮದ ಮೇಲೆ ಮಾತ್ರ ಇಡದಿರುವುದು ಒಳಿತು.

ಔಷಧದ ಮಾತಾಡುವಾಗ ಈ ಗಿಡ ಮಾಡುವ ಗಾಯದ ಮಾತನ್ನೂ ಆಡಬೇಕು. ಇಳಿತದ ಹೊತ್ತಿನಲ್ಲಿ ಬಳಚು ಆಯಲು ಬರಿಗಾಲಿನಲ್ಲಿ ಹೊಳೆಗಿಳಿಯುವವರಲ್ಲಿ ಮಹಿಳೆಯರೇ ಹೆಚ್ಚು. ಹೊಳೆಚುಳ್ಳಿಯ ಮುರಿದ ಎಲೆ ಕೆಸರಿನಡಿಯಲ್ಲಿ ಹೂತಿರುತ್ತದೆ, ಅದರ ಮುಳ್ಳು ಕಾಲಿಗೆ ಚುಚ್ಚಿ ಒಳಗೇ ಮುರಿದು ಉಳಿಯುವುದುಂಟು. ಕೆಸರು ಸೇರಿದ ಆಳವಾದ ಚುಚ್ಚುಗಾಯದಲ್ಲಿ ಧನುರ್ವಾಯುವಿನ ಭಯವಿದೆ. ಆದ್ದರಿಂದ ಹೊಳೆಯ ಕೆಲಸದವರಿಗೆ ಧನುರ್ವಾಯು ಲಸಿಕೆಯ ಕಾಲಾವಧಿ ಮೀರದಂತೆ ಉಪಕೇಂದ್ರದ ಆರೋಗ್ಯ ಸಿಬ್ಬಂದಿ ಮತ್ತು ಆಶಾ ಕಾರ್ಯಕರ್ತೆಯರು ಗಮನಿಸುವುದು ಸೂಕ್ತ. ಹೊಳೆಚುಳ್ಳಿಯ ಕುರಿತಾದ ಯಾವ ಪ್ರಚಾರ ಪತ್ರದಲ್ಲಿಯೂ ಈ ಸಾಲು ಇರುವುದಿಲ್ಲ. ಇರಬೇಕಾದ ಮೊದಲ ಸಾಲು ಇದೇ.

ಇನ್ನು ಕಟ್ಟೆಯ ವಿಚಾರ. ಗಜನಿಯೆಂದರೆ ಉಬ್ಬರದ ನೀರನ್ನು ಕಟ್ಟೆಯಿಂದ ತಡೆದು, ತೂಬಿನ ಮೂಲಕ ಅಂಕೆಯಲ್ಲಿಟ್ಟು ಉಳುವ ಭೂಮಿ. ಮಳೆಗಾಲದಲ್ಲಿ ಉಪ್ಪು ತೊಳೆದುಹೋದ ಮೇಲೆ ಕಗ್ಗದ ಬಿತ್ತನೆ. ಕಗ್ಗವು ಉಪ್ಪನ್ನೂ ಮುಳುಗಡೆಯನ್ನೂ ತಾಳುವ ಎತ್ತರದ ತಳಿ. ಕೊಯ್ಲಿನಲ್ಲಿ ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ನೀರಿನಲ್ಲಿ ಬಿಟ್ಟರೆ ಸಿಗಡಿ ಮೀನುಗಳಿಗೆ ಅದೇ ಆಸರೆ. ಈ ಇಡೀ ಏರ್ಪಾಡು ನಿಂತಿರುವುದು ಕಟ್ಟೆಯ ಮೇಲೆ. ಒಂದು ಕಡೆ ಒಡೆದರೆ ಹಂಗಾಮಿನ ಬೆಳೆ ಹೋದಂತೆ. ಉಪ್ಪುನೀರು ನಿಂತ ಗದ್ದೆಯು ಮತ್ತೆ ಹದಕ್ಕೆ ಬರಲು ಮುಂದಿನ ಮಳೆಯನ್ನೇ ಕಾಯಬೇಕು. ಕಗ್ಗ ಬೆಳೆಯುವವರ ಸಂಖ್ಯೆ ಕಡಿಮೆಯಾಗಿರುವುದಕ್ಕೆ ಕಾರಣಗಳು ಹಲವು, ಒಡೆಯುವ ಕಟ್ಟೆ ಅವುಗಳಲ್ಲೊಂದು.

ಕಟ್ಟೆ ಸಾಮಾನ್ಯವಾಗಿ ಕೆಡುವುದು ತಲೆಯಿಂದಲ್ಲ, ಪಾದದಿಂದ. ಇಳಿತದ ಸೆಳವು ಮತ್ತು ದೋಣಿಗಳ ಅಲೆ ದಿನಕ್ಕೆರಡು ಬಾರಿ ಪಾದದ ಮಣ್ಣನ್ನು ತುಸುತುಸುವೇ ಒಯ್ಯುತ್ತವೆ. ಅಡಿ ಟೊಳ್ಳಾದ ಮೇಲೆ ಮೇಲಿನ ಕಲ್ಲು ತಾನಾಗಿ ಜಾರುತ್ತದೆ. ಅಲ್ಲಿ ಹೊಳೆಚುಳ್ಳಿಯ ದಟ್ಟ ಪೊದೆಯಿದ್ದರೆ ಅದರ ನೂರಾರು ಕಾಂಡಗಳ ನಡುವೆ ನೀರಿನ ವೇಗ ಕುಂದುತ್ತದೆ. ವೇಗ ಕುಂದಿದ ನೀರು ಹೊತ್ತು ತಂದ ಹೂಳನ್ನು ಅಲ್ಲಿಯೇ ಇಳಿಸುತ್ತದೆ. ಊರುಗೋಲು ಬೇರುಗಳು ಆ ಹೂಳನ್ನು ಹೆಣೆದು ಹಿಡಿಯುತ್ತವೆ. ಬೇರು ಸಹಿತ ಕಿತ್ತಾಗ ಉಳಿಯುವುದು ಕಲಕಿದ ಸಡಿಲ ಕೆಸರು. ಅದೂ ವರ್ಷದ ಅತಿ ದೊಡ್ಡ ನೆರೆ ಬರಲು ಕೆಲವೇ ವಾರಗಳಿರುವಾಗ. ಲೆಕ್ಕಪತ್ರದಲ್ಲಿ ‘ತೆರವು’ ಎಂದು ತೋರುವ ಆ ಕೆಲಸವು ವಾಸ್ತವದಲ್ಲಿ ಕಟ್ಟೆಯ ಪಾದವನ್ನು ಅಗೆದಂತೆಯೇ ಸರಿ.

ಹಾಗೆಂದು ಈ ಗಿಡವನ್ನು ಮುಟ್ಟಲೇಬಾರದೆಂದು ಹೇಳುವುದೂ ತಪ್ಪಾಗುತ್ತದೆ. ತೂಬಿನ ಬಾಯಿಯಲ್ಲಿ, ಒಳಗಾಲುವೆಯ ಮಧ್ಯದಲ್ಲಿ ಬೆಳೆದ ಹೊಳೆಚುಳ್ಳಿಯನ್ನು ತೆಗೆಯಲೇಬೇಕು, ಇಲ್ಲದಿದ್ದರೆ ನೀರು ನಿಂತು ಗದ್ದೆಗೆ ಕೇಡು. ಕಲ್ಲಿನ ಹೊದಿಕೆ ಬೇಕಾದ ಕಡೆ ಗಿಡ ಅದರ ಬದಲಿಯಾಗಲಾರದು. ಇನ್ನೊಂದು ಸಂಗತಿಯೂ ಉಂಟು. ಕಾಂಡ್ಲಮರಗಳನ್ನು ಕಡಿದು ಬಯಲಾದ ಕೆಸರಿನಲ್ಲಿ ಹೊಳೆಚುಳ್ಳಿಯೊಂದೇ ಹಬ್ಬಿ ದಟ್ಟೈಸಿ, ಉಪ್ಪಟಿ ಮತ್ತು ಕಾಂಡ್ಲದ ಸಸಿಗಳಿಗೆ ಬೆಳಕು ಸಿಗದಂತೆ ಮಾಡುತ್ತದೆ. ದನಕರುಗಳು ಮುಳ್ಳಿಗೆ ಹೆದರಿ ಇದನ್ನು ಬಿಟ್ಟು ಆ ಸಸಿಗಳನ್ನೇ ಮೇಯುವುದರಿಂದ ಇದರ ಮೇಲುಗೈ ಇನ್ನೂ ಹೆಚ್ಚುತ್ತದೆ. ಮೈಲುದ್ದಕ್ಕೂ ಹೊಳೆಚುಳ್ಳಿಯೊಂದೇ ಕಂಡರೆ ಅದನ್ನು ಸಮೃದ್ಧಿಯೆಂದು ತಿಳಿಯದೆ, ಹಿಂದೆ ಅಲ್ಲಿ ಮರಗಳಿದ್ದುವೇ ಎಂದು ಊರ ಹಿರಿಯರನ್ನು ವಿಚಾರಿಸಬೇಕು. ಅಂತಹ ಸ್ಥಳಗಳಲ್ಲಿ ಪಟ್ಟೆಪಟ್ಟೆಯಾಗಿ ಸವರಿ ನಡುವೆ ಮರದ ಸಸಿಗಳನ್ನು ನೆಡುವುದು ಸರಿಯಾದ ವಿಧಾನ. ಉಳಿದ ಪಟ್ಟೆಯ ಮುಳ್ಳೇ ಸಸಿಗಳಿಗೆ ಬೇಲಿಯಾಗುತ್ತದೆ.

ಆದ್ದರಿಂದ ಕಾಮಗಾರಿ ಪಟ್ಟಿಯಲ್ಲಿ ‘ಜಂಗಲ್ ತೆರವು’ ಎಂಬ ಒಂದೇ ಬಾಬಿನ ಬದಲು, ತೂಬು ಮತ್ತು ಕಾಲುವೆಯ ಭಾಗದಲ್ಲಿ ಪೂರ್ಣ ತೆರವು, ಹೊಳೆಬದಿಯ ಪಾದದಲ್ಲಿ ಕೇವಲ ಸವರಿಕೆ ಎಂದು ಎರಡು ಬಾಬುಗಳನ್ನು ಬರೆಯುವುದು ಉಚಿತ. ಸವರುವಾಗ ಮೊಣಕಾಲಿನವರೆಗಿನ ಕಾಂಡವನ್ನು ಉಳಿಸಿದರೆ ಅದು ಮತ್ತೆ ಚಿಗುರುತ್ತದೆ. ಈ ಕೆಲಸ ಯಂತ್ರದಿಂದಾಗದು, ಕತ್ತಿಯಿಂದಲೇ ಆಗಬೇಕು. ಮಾನವ ದಿನಗಳು ಹೆಚ್ಚುತ್ತವೆ ಎಂಬುದು ನಿಜವಾದರೂ ಉದ್ಯೋಗ ಒದಗಿಸುವ ಕಾಮಗಾರಿಗಳಲ್ಲಿ ಅದು ದೋಷವಲ್ಲ. ಕಾನೂನಿನ ದೃಷ್ಟಿಯಿಂದಲೂ ಎಚ್ಚರ ಅಗತ್ಯ. 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯು ಕಾಂಡ್ಲಕಾಡು ಹಾಗೂ ಉಪ್ಪುಜೌಗುಗಳನ್ನು ಅತಿ ಸೂಕ್ಷ್ಮವಾದ ಒಂದು-ಎ ವರ್ಗದಲ್ಲಿ ಇರಿಸಿದೆ. ಅಘನಾಶಿನಿ ಅಳಿವೆಯು 2024ರಲ್ಲಿ ರಾಮ್ಸರ್ ತಾಣಗಳ ಪಟ್ಟಿಗೂ ಸೇರಿದೆ.

ಉಳಿದಿರುವುದು ಜನತಾ ಜೀವವೈವಿಧ್ಯ ದಾಖಲಾತಿ. 2002ರ ಜೈವಿಕ ವೈವಿಧ್ಯ ಕಾಯ್ದೆ ಮತ್ತು ಅದರ ನಿಯಮಗಳ ಅನ್ವಯ ಪ್ರತಿ ಗ್ರಾಮ ಪಂಚಾಯತಿಯ ಸಮಿತಿಯೂ ಈ ದಾಖಲಾತಿಯನ್ನು ಇರಿಸಬೇಕಾಗಿದೆ. ಹೊಳೆಚುಳ್ಳಿಯ ಪುಟದಲ್ಲಿ ಪುಸ್ತಕದಿಂದ ನಕಲಿಸಿದ ಗುಣಗಳನ್ನು ತುಂಬಿದರೆ ಪ್ರಯೋಜನವಿಲ್ಲ, ಅವು ಪುಸ್ತಕದಲ್ಲಿ ಹೇಗೂ ಇವೆ. ಆ ಊರಿನಲ್ಲಿ ಅದನ್ನು ಏನೆಂದು ಕರೆಯುವರು, ಯಾವ ಕಟ್ಟೆಯ ಎಷ್ಟು ಉದ್ದಕ್ಕೆ ಇದೆ, ಯಾವ ತಿಂಗಳು ಹೂಬಿಡುತ್ತದೆ, ಬಿಳಿಹೂವಿನ ಗಿಡವಿದೆಯೇ, ಎಲೆಯನ್ನು ಯಾವ ನೋವಿಗೆ ಹೇಗೆ ಬಳಸುತ್ತಾರೆ ಎಂಬುದು ಬೇಕು. ಬಳಕೆಯನ್ನು ಬಲ್ಲವರು ಬಹುಮಟ್ಟಿಗೆ ಹೊಳೆಯಲ್ಲಿ ದುಡಿಯುವ ವಯಸ್ಸಾದ ಮಹಿಳೆಯರು. ಅವರು ಗ್ರಾಮಸಭೆಗೆ ಬಂದರೂ ಹಿಂದಿನ ಸಾಲಿನಲ್ಲಿ ಕುಳಿತು ಎದ್ದುಹೋಗುವವರು. ಅವರ ಮನೆಯಂಗಳಕ್ಕೆ ಹೋಗಿ ಕೇಳಬೇಕು, ಒಪ್ಪಿಗೆ ಪಡೆದು ಅವರ ಹೆಸರಿನಲ್ಲಿಯೇ ಬರೆಯಬೇಕು, ಹೇಳಲು ಮನಸ್ಸಿಲ್ಲವೆಂದರೆ ಬಿಡಬೇಕು. ವಾಣಿಜ್ಯಕ್ಕಾಗಿ ಗಿಡವನ್ನು ಸಂಗ್ರಹಿಸಲು ಹೊರಗಿನವರು ಬಂದಾಗ ರಾಜ್ಯ ಜೀವವೈವಿಧ್ಯ ಮಂಡಳಿಗೆ ಮೊದಲು ತಿಳಿಸಿದ್ದಾರೆಯೇ ಎಂದು ಕೇಳುವ ಅಧಿಕಾರ ಸಮಿತಿಗಿದೆ. ಸ್ಥಳೀಯರ ಮತ್ತು ನಾಟಿವೈದ್ಯರ ಸ್ವಂತ ಬಳಕೆಗೆ ಆ ನಿರ್ಬಂಧವಿಲ್ಲ.

ದಾಖಲಾತಿಗೆ ಹೊರಡುವವರು ಹೂವಿರುವ ತಿಂಗಳುಗಳಲ್ಲಿ, ಅಮಾವಾಸ್ಯೆ ಅಥವಾ ಹುಣ್ಣಿಮೆಯ ಆಸುಪಾಸಿನ ದೊಡ್ಡ ಇಳಿತದ ಹೊತ್ತನ್ನು ನೋಡಿಕೊಂಡು ಹೋದರೆ ಪಾದದ ಬೇರುಗಳವರೆಗೂ ಕಾಣಲು ಸಾಧ್ಯ. ದಪ್ಪ ಅಡಿಯ ಬೂಟು, ಕೈಗವಸು, ಅಳತೆ ಟೇಪು ಹಾಗೂ ಕುಡಿಯುವ ನೀರು ಜೊತೆಗಿರಲಿ. ಇಳಿತ ತಿರುಗುವ ಮೊದಲು ಕಟ್ಟೆ ಹತ್ತಬೇಕು. ಆ ಹೊತ್ತು ಯಾವುದೆಂದು ಬಳಚಿನ ಬುಟ್ಟಿ ಹೊತ್ತು ಮೇಲೆ ಬರುತ್ತಿರುವವರನ್ನು ನೋಡಿಯೇ ತಿಳಿಯಬಹುದು.